ತೊಟ್ಟು ಬಿಡಿಸುತ್ತ ಕೇಳಿದ ಹಾಡು

ನಮ್ಮ ಮನೆಯಲ್ಲಿ ಒಂದು ಪುಟ್ಟ ಸ್ಪೀಕರ್ ಇದೆ. ಉಪ್ಪಿನಕಾಯಿ ಭರಣಿಯಷ್ಟು ಗಾತ್ರ, ಕಪ್ಪು ಬಣ್ಣ. ಮೊನ್ನೆ ಧೂಳು ಒರೆಸಲು ಹೋದಾಗ ಅದರ ಜಾಲರಿಯ ತೂತುಗಳಲ್ಲೆಲ್ಲ ಕೆಂಪಗೆ ಏನೋ ಕೂತಿರುವುದು ಕಂಡಿತು. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಫ್ ಎಂದು ಊದಿದೆ. ಊದಬಾರದಿತ್ತು. ಅದು ಮೆಣಸಿನಕಾಯಿ ಪುಡಿ ಎಂದು ಗೊತ್ತಿದ್ದೂ ಊದಿದೆ. ಆಮೇಲೆ ಬಹಳ ಹೊತ್ತು ಬಚ್ಚಲಿನಲ್ಲಿ ಕಣ್ಣಿಗೆ ನೀರು ಹೊಡೆದುಕೊಳ್ಳುತ್ತ ನಿಂತಿದ್ದೆ. ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದವಳು ಇಂಥ ಕೆಲಸ ಮಾಡಿಕೊಂಡಳೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಬ್ಯಾಡಗಿಯವರಿಗೆ ಘಾಟು ಹತ್ತುವುದಿಲ್ಲ ಎಂಬ ಜಂಬ ನಮಗೆ ಚಿಕ್ಕಂದಿನಿಂದಲೂ ಇತ್ತು. ಹಂಗಾಮಿನಲ್ಲಿ ಮೆಣಸಿನಕಾಯಿ ಪೇಟೆಯ ಕಡೆಯಿಂದ ಗಾಳಿ ಬೀಸಿದರೆ ಇಡೀ ಊರು ಒಗ್ಗರಣೆ ಹಾಕಿದ ಅಡಿಗೆಮನೆಯಂತೆ ಇರುತ್ತಿತ್ತು. ಬೇರೆ ಊರಿನ ನೆಂಟರು ಬಸ್ಸಿನಿಂದ ಇಳಿದವರೇ ಸೀನಲು ಶುರು ಮಾಡುತ್ತಿದ್ದರು. ಅವರ ಚೀಲ ಹೊತ್ತು ತರುವ ನೆಪ ಹೇಳಿ, ಸೀನುವುದನ್ನು ನೋಡಲೆಂದೇ ನಾವು ಮಕ್ಕಳು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆವು. "ಎರಡ ದಿನಾ ಇರ್ರಿ ಬೀಗರ, ಆಮ್ಯಾಲ ಈ ವಾಸನಿ ಇಲ್ಲಂದ್ರ ನಿಮಗ ಊಟಾನ ಸೇರೂದಿಲ್ಲ" ಎಂದು ನಮ್ಮಪ್ಪ ಸಮಾಧಾನ ಹೇಳುತ್ತಿದ್ದ. ಬೀಗರು ಎರಡು ದಿನ ಇರುತ್ತಿರಲಿಲ್ಲ, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದರು.

ನಾನು ಹೇಳಹೊರಟದ್ದು ಮೆಣಸಿನಕಾಯಿಯ ಮಾತಲ್ಲ, ಹಾಡಿನ ಮಾತು. ಆದರೆ ನಮ್ಮ ಮನೆಯಲ್ಲಿ ಇವೆರಡೂ ಒಂದಕ್ಕೊಂದು ಹತ್ತಿಕೊಂಡುಬಿಟ್ಟಿವೆ, ಸ್ಪೀಕರಿನ ಜಾಲರಿಯೇ ಸಾಕ್ಷಿ.

ಮೊದಲು ನನ್ನ ಪರಿಚಯ ಆಗಲಿ. ಮನೆ ರಾಣೇಬೆನ್ನೂರಿನಲ್ಲಿ, ಕೆಲಸ ಹಾವೇರಿಯ ಕೋರ್ಟಿನಲ್ಲಿ. ನಾನು ಸ್ಟೆನೋ. ಜಡ್ಜ್ ಸಾಹೇಬರು ಹೇಳಿದ್ದನ್ನು, ಸಾಕ್ಷಿ ನುಡಿದದ್ದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು ಆಮೇಲೆ ಟೈಪು ಮಾಡುವುದು ನನ್ನ ಹೊಟ್ಟೆಪಾಡು. ಈ ಕೆಲಸ ಮನುಷ್ಯರನ್ನು ಒಂದು ರೀತಿ ಕೆಡಿಸುತ್ತದೆ. ಕಿವಿಗೆ ಬಿದ್ದ ಮಾತನ್ನೆಲ್ಲ ನನ್ನ ಹೆಬ್ಬೆರಳು ತೋರುಬೆರಳಿನ ಮೇಲೆ ಬರೆಯುತ್ತಲೇ ಇರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಊರ ಹೆಸರು ಕೂಗಿದರೂ ಬರೆಯುತ್ತದೆ, ಮದುವೆಯಲ್ಲಿ ಭಟ್ಟರ ಮಂತ್ರವನ್ನೂ ಬರೆಯುತ್ತದೆ. ನನ್ನನ್ನು ನೋಡಲು ಗಂಡಿನವರು ಬಂದ ದಿನ, ಗಂಡು ಆಡಿದ ಮಾತನ್ನೂ ಸೆರಗಿನ ಮರೆಯಲ್ಲಿ ಬರೆದುಕೊಂಡಿತ್ತು. ಬರೆಯಲು ಹೆಚ್ಚೇನೂ ಇರಲಿಲ್ಲ. "ನಿಮಗ ಹಾಡು ಸೇರ್ತಾವೇನ್ರೀ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಹೂಂ" ಅಂದೆ. ರೇಡಿಯೋದಲ್ಲಿ ಬರುವ ಭಾವಗೀತೆ, ಸಿನಿಮಾ ಹಾಡುಗಳನ್ನು ನೆನೆಸಿಕೊಂಡು ಅಂದ ಮಾತದು. ಪಾಪ, ಅವರು ಬೇರೆ ಏನನ್ನೋ ನೆನೆಸಿಕೊಂಡು ಖುಷಿಯಾಗಿ ಎದ್ದು ಹೋಗಿದ್ದರು.

ಅವರು ನೆನೆಸಿಕೊಂಡದ್ದು ಏನೆಂದು ಮದುವೆಯಾದ ಹೊಸದರಲ್ಲಿ ತಿಳಿಯಿತು. ನಮ್ಮ ಮನೆಯವರು ಮೂಲ ದೇವರಗುಡ್ಡದವರು, ಈಗ ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರಲ್ಲಿ ಕೆಲಸ. ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಅವರ ಖೋಲಿಯ ಜೊತೆಗಾರ ಒಂದು ಕ್ಯಾಸೆಟ್ಟು ಬಿಟ್ಟುಹೋಗಿದ್ದನಂತೆ. ಮರೆತು ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು. ಇಂಗ್ಲೆಂಡಿನ ಕಡೆಯ ಯಾರೋ ಹುಡುಗರು ಮಾಡಿದ ಸಂಗೀತ. ಒಂದರ ಮೇಲೊಂದು ಗಿಟಾರುಗಳನ್ನು ಪೇರಿಸಿ, ಅವುಗಳ ಸದ್ದನ್ನು ಹಿಗ್ಗಿಸಿ, ಕಲಸಿ, ಗೋಡೆಯಂತೆ ಎಬ್ಬಿಸಿ, ಆ ಗೋಡೆಯ ಆಚೆ ಒಬ್ಬ ಹುಡುಗಿಯನ್ನು ಹಾಡಲು ನಿಲ್ಲಿಸಿದ್ದರು. ಇದಕ್ಕೆ ಶೂಗೇಜ್ ಎಂದು ಹೆಸರಂತೆ. ಬಾರಿಸುವವರು ಕಾಲ ಬುಡದಲ್ಲಿಟ್ಟ ಗುಂಡಿಗಳನ್ನು ತುಳಿಯುತ್ತ, ತಮ್ಮ ಬೂಟನ್ನೇ ನೋಡಿಕೊಂಡು ನಿಲ್ಲುತ್ತಿದ್ದರಂತೆ, ಅದಕ್ಕೆ. ನೆಲ ನೋಡಿಕೊಂಡು ನಿಲ್ಲುವವರನ್ನು ನಾನು ಕಟಕಟೆಯಲ್ಲಿ ದಿನವೂ ನೋಡುತ್ತೇನೆ. ಈ ಹಾಡು ಕೇಳಿದ ಮೇಲೆ ಈ ಹುಡುಗರೂ ಹಾಗೆ ನಿಂತದ್ದು ಸರಿಯಾಗಿಯೇ ಇದೆ ಅನ್ನಿಸಿತು.

ನಮ್ಮ ಅತ್ತೆ ಇದಕ್ಕೆ ಗಿರಣಿ ಎಂದು ಹೆಸರಿಟ್ಟಿದ್ದರು. ಅದು ಶುರುವಾದ ಕೂಡಲೇ ಅಡಿಗೆಮನೆಯಿಂದ ಕೂಗುತ್ತಿದ್ದರು: "ಏನೋ, ಗಿರಣಿ ಚಾಲೂ ಮಾಡ್ದೇನು? ತಡಿ ಹಂಗಾರ, ಜ್ವಾಳದ ಡಬ್ಬಿ ತರತೇನಿ, ಬೀಸೇ ಬಿಡು!" ಅತ್ತೆ-ಸೊಸೆ ಒಂದೇ ಪಕ್ಷದಲ್ಲಿದ್ದ ವಿಷಯ ನಮ್ಮ ಮನೆಯಲ್ಲಿ ಇದೊಂದೇ.

ನನ್ನ ತಕರಾರು ಅತ್ತೆಯದಕ್ಕಿಂತ ಗಟ್ಟಿಯಾದದ್ದು. ಹುಡುಗಿ ಹಾಡುತ್ತಿದ್ದರೆ ಹೆಬ್ಬೆರಳು ಎದ್ದು ನಿಲ್ಲುತ್ತಿತ್ತು, ಬರೆಯಲು ಮಾತ್ರ ಏನೂ ಸಿಗುತ್ತಿರಲಿಲ್ಲ. ಒಂದು ಶಬ್ದವೂ ಹಿಡಿತಕ್ಕೆ ಬಾರದು. ಕೋರ್ಟಿನಲ್ಲಿ ಸಾಕ್ಷಿ ಹೀಗೆ ಗೊಣಗಿದರೆ ಸಾಹೇಬರು ಗದರಿಸಿ ಬಿಡಿಸಿ ಹೇಳಿಸುತ್ತಾರೆ.

"ಶಬ್ದ ತಿಳೀತಾವೇನ್ರೀ ನಿಮಗ?" ಎಂದು ಕೇಳಿದ್ದೆ.

"ಇಲ್ಲ."

"ಮತ್ತ ಏನ ಕೇಳ್ತೀರಿ ಅದರಾಗ?"

"ಆಕಿ ಒಬ್ಬಾಕಿನ ಅದಾಳ ನೋಡು," ಅಂದರು. "ಅಷ್ಟ ಗದ್ದಲದಾಗ ಒಬ್ಬಾಕಿನ. ಹಾಸ್ಟೆಲ್ಲಿನಾಗ ನನಗ ಹಂಗ ಅನಸ್ತಿತ್ತು. ಎಲ್ಲಾರೂ ಇಂಗ್ಲಿಷ್ ಮಾತಾಡಾವ್ರು, ನಾ ಒಬ್ಬನ ಸುಮ್ಮ ಕುಂದ್ರಾಂವ. ಇದನ್ನ ಕೇಳಿದ್ರ ಯಾರೋ ನನ್ನಂಗ ಅದಾರ ಅನಸ್ತಿತ್ತು."

ಅಷ್ಟು ದೊಡ್ಡ ಮಾತನ್ನು ಅವರು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಆಗಲೇ ಪಕ್ಕದಲ್ಲಿ ಕೂತು ಒಂದು ಸಲ ಕೇಳಬಹುದಿತ್ತು. ನಾನು "ಸಣ್ಣ ಮಾಡ್ರೀ" ಎಂದು ಹೇಳಿ ಒಳಗೆ ಹೋದೆ. "ಸಣ್ಣ ಮಾಡಿದ್ರ ಅದು ಇರೂದೇ ಇಲ್ಲ, ಜೋರಾಗೇ ಕೇಳಬೇಕದನ್ನ" ಅಂದರು ಅವರು ಹಿಂದಿನಿಂದ.

ಆ ಮಾತೇ ಮುಂದೆ ನಮಗೆ ಮೋಸ ಮಾಡಿತು. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಫೋನು ಬಂತು, ಗಿರಣಿ ಮಾತ್ರ ಅದೇ. ವರ್ಷ ಹೋದಂತೆ ಅದರ ಸದ್ದು ಏರುತ್ತ ಹೋಯಿತು. ಬೇರೆ ಯಾವ ಸಂಗೀತವಾಗಿದ್ದರೂ, ಈ ಮನುಷ್ಯ ಯಾಕೆ ಇಷ್ಟು ಜೋರು ಇಡುತ್ತಾನೆ ಎಂದು ಯಾರಾದರೂ ಕೇಳುತ್ತಿದ್ದರು. ಇದು ಜೋರಾಗಿಯೇ ಕೇಳುವ ಸಂಗೀತ. ಹಾಗಾಗಿ ನಾನು ಬಾಗಿಲು ಹಾಕಿಕೊಂಡೆ, ಅತ್ತೆ ಬೈದುಕೊಂಡರು, ನಮ್ಮ ಮನೆಯವರಿಗೂ ತಮ್ಮ ಕಿವಿಯ ಮೇಲೆ ಅನುಮಾನ ಬರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಒಂದು ರವಿವಾರ ಕುಕ್ಕರನ್ನು ಅವರ ಉಸ್ತುವಾರಿಗೆ ಬಿಟ್ಟು ಸಂತೆಗೆ ಹೋಗಿ ಬಂದರೆ, ಬೇಳೆ ಹೊತ್ತಿ ಮನೆ ತುಂಬ ಹೊಗೆ. ಕುಕ್ಕರಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. "ಸೀಟೀನ ಹೊಡೀಲಿಲ್ಲ ಅದು" ಎಂದು ಪ್ರಾಮಾಣಿಕವಾಗಿ ಹೇಳಿದರು.

ಹುಬ್ಬಳ್ಳಿಯ ಡಾಕ್ಟರು ಕಿವಿಯ ಪರೀಕ್ಷೆ ಮಾಡಿಸಿ, ನರ ಸೋತಿದೆ, ಹೋದದ್ದು ತಿರುಗಿ ಬರುವುದಿಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಭಾಳ ವರ್ಷದಿಂದ ಇಳಕೋತ ಬಂದೈತ್ರಿ ಇದು. ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನು?" ಎಂದು ಕೇಳಿದರು. ಗಿರಣಿಯ ಕತೆ ಹೇಳದೆ, ಮುಂದೇನು ಮಾಡಬೇಕೆಂದು ಕೇಳಿದೆ.

ಕಿವಿಗೆ ಶ್ರವಣಯಂತ್ರ ಬಂತು. ಎದುರಿಗೆ ಕೂತು ನಿಧಾನ ಮಾತಾಡಿದರೆ ಅವರಿಗೆ ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಸಂಗೀತ ಅದರಲ್ಲಿ ಸಂಗೀತವಾಗಿ ಹಾಯುವುದಿಲ್ಲ. ಹೊಸ ಯಂತ್ರ ಹಾಕಿಕೊಂಡು ಮನೆಗೆ ಬಂದವರು ಮೊದಲು ಮಾಡಿದ ಕೆಲಸ ಆ ಹಾಡು ಹಚ್ಚಿದ್ದು. ಮುಖ ಕಿವುಚಿಕೊಂಡು ಒಂದಷ್ಟು ಹೊತ್ತು ಕೂತರು. ಆಮೇಲೆ ಬಂದ್ ಮಾಡಿ, "ಅವ್ವ ಅಂದದ್ದು ಖರೇ ಆತ ನೋಡು. ಗಿರಣಿ," ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಇಷ್ಟಾದರೂ ನಾನು ಆ ಹಾಡು ಕೇಳಲು ಕೂತೆನೆಂದು ತಿಳಿಯಬೇಡಿ. ನಾನು ಕೇಳಿದ್ದು ಕೈ ಖಾರವಾಗಿದ್ದರಿಂದ.

ಬೇಸಿಗೆಯಲ್ಲಿ ಕೋರ್ಟಿಗೆ ರಜೆ ಬಂದಾಗ ನಮ್ಮಲ್ಲಿ ವರ್ಷದ ಖಾರಪುಡಿಯ ಕೆಲಸ. ತವರಿನಿಂದ ಮೆಣಸಿನಕಾಯಿ ಬರುತ್ತದೆ. ಮಾಳಿಗೆಯ ಮೇಲೆ ಒಣಗಿಸಿ, ತೊಟ್ಟು ಬಿಡಿಸಿ, ಆಮೇಲೆ ಕುಟ್ಟಿಸಲು ಒಯ್ಯಬೇಕು. ತೊಟ್ಟು ಬಿಡಿಸುವುದು ಸರಳ ಕೆಲಸ, ಆದರೆ ಶುರು ಮಾಡಿದರೆ ಮುಗಿಯುವ ತನಕ ಕೈ ನಿಮ್ಮದಲ್ಲ. ಮೂಗು ತುರಿಸಿದರೂ ಸಹಿಸಿಕೊಳ್ಳಬೇಕು. ಫೋನು ಮುಟ್ಟುವುದಂತೂ ದೂರದ ಮಾತು. ಆ ಫೋನನ್ನು ಆಮೇಲೆ ಕಿವಿಗೆ ಹಿಡಿದವರು ದಿನವಿಡೀ ಮರೆಯುವುದಿಲ್ಲ.

ಹೋದ ವರ್ಷದ ರಜೆಯಲ್ಲಿ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ನಾನೂ ಅವರೂ ಎದುರುಬದುರು ಕೂತಿದ್ದೆವು. ಅವರು ಯಂತ್ರ ತೆಗೆದಿಟ್ಟಿದ್ದರು. ಒಣಮೆಣಸಿನಕಾಯಿಯ ಗರಗರ ಸದ್ದು ಅದರಲ್ಲಿ ಹಾಯ್ದರೆ ತಲೆಯೊಳಗೆ ಯಾರೋ ತಗಡು ಎಳೆದಂತೆ ಆಗುತ್ತದಂತೆ. ನಾನು ಅವರ ಫೋನಿನಲ್ಲಿ ಹಳೆಯ ಹಾಡುಗಳನ್ನು ಹಚ್ಚಿ, ಸ್ಪೀಕರನ್ನು ಪಕ್ಕಕ್ಕಿಟ್ಟುಕೊಂಡು ಕೆಲಸ ಶುರು ಮಾಡಿದ್ದೆ. ನನ್ನ ಹಾಡುಗಳು ಮುಗಿದವು. ಫೋನು ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ ಗಿರಣಿ ಶುರು ಮಾಡಿತು.

ನಿಲ್ಲಿಸೋಣವೆಂದರೆ ಕೈ ಖಾರ. ಸ್ಪೀಕರಿನ ಗುಂಡಿಯನ್ನು ಮೊಣಕೈಯಿಂದ ಒತ್ತಿ ನೋಡಿದೆ, ಸದ್ದು ಇನ್ನೂ ಏರಿತು. ಕಾಲಿನಿಂದ ಸ್ಪೀಕರನ್ನು ದೂಡಲು ಹೋಗಿ ಅದನ್ನು ಮೆಣಸಿನಕಾಯಿಯ ರಾಶಿಗೇ ಉರುಳಿಸಿದೆ. ರಾಶಿಯೊಳಗಿನಿಂದ ಅದು ಮೊಳಗತೊಡಗಿತು.

"ಯಾಕ ಮಾರಿ ಹಂಗ ಮಾಡಾಕತ್ತಿ? ಖಾರ ಹತ್ತಿತೇನು?" ಎಂದರು ಅವರು. ತಮ್ಮ ಹಾಡು ತಮ್ಮ ಮೊಣಕಾಲಿನ ಹತ್ತಿರ ಹಾಡುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಹಾಡ್ರೀ!" ಎಂದು ಬಾಯಿ ಅಗಲಿಸಿ ಕೂಗಿದೆ.

ತುಟಿ ನೋಡಿ ತಿಳಿದುಕೊಂಡರು. ಸ್ಪೀಕರಿನ ಕಡೆ ನೋಡಿದರು. ಅವರ ಕೈಯೂ ಖಾರವಾಗಿತ್ತು, ಆದರೂ ಎದ್ದು ತೊಳೆದುಕೊಂಡು ಬಂದು ನಿಲ್ಲಿಸಬಹುದಿತ್ತು. ಏಳಲಿಲ್ಲ. "ಇರ್ಲಿ ಬಿಡು. ನೀ ಕೇಳು. ಕೇಳಿ ನನಗ ಹೇಳು, ಏನ ಕೇಳಸ್ತು ಅಂತ," ಅಂದರು.

ಹೀಗೆ ಶುರುವಾಯಿತು ನನ್ನ ಪಾಠ. ಮೊದಲ ದಿನ ಹೇಳಲು ಏನೂ ಇರಲಿಲ್ಲ. "ಗದ್ದಲ" ಅಂದೆ. "ಗದ್ದಲ ಒಂದ ಐತೋ, ಎರಡ ಅದಾವೋ?" ಎಂದು ಕೇಳಿದರು. ಮರುದಿನ ಅದನ್ನೇ ಕಾದು ಕೂತೆ. ಎರಡಲ್ಲ, ಇನ್ನೂ ಹೆಚ್ಚಿದ್ದವು. ಒಂದು ಉಸಿರಾಡಿದಂತೆ ಉಬ್ಬಿ ತಗ್ಗುತ್ತಿತ್ತು, ಇನ್ನೊಂದು ಅದರ ಅಡಿಯಲ್ಲಿ ಅಲುಗದೆ ನಿಂತಿತ್ತು. ಕೈ ತೊಳೆದು, ಅವರು ಯಂತ್ರ ಹಾಕಿಕೊಂಡ ಮೇಲೆ ಹೇಳಿದರೆ ಅವರ ಮುಖ ಅರಳಿತು. "ಹಾಂ, ಅದ ಅದು! ಈಗ ಅದರ ಹಿಂದ ಹೋಗು, ಅಲ್ಲೊಂದ ಕಡೆ ಎಲ್ಲಾ ಬಂದ್ ಆಗ್ತಾವ, ಮೆಟ್ಟಲಾ ತಪ್ಪಿದಂಗ ಆಗ್ತೈತಿ," ಅಂದರು. ಹೋದೆ. ಮೆಟ್ಟಿಲು ತಪ್ಪಿದಂತೆಯೇ ಆಯಿತು. ಕೈಯಲ್ಲಿದ್ದ ಮೆಣಸಿನಕಾಯಿ ಹಾಗೆಯೇ ಉಳಿಯಿತು.

ಸಂಜೆ ಚಹಾದ ಹೊತ್ತಿಗೆ ಅವರ ಪ್ರಶ್ನೆ ತಪ್ಪದು: "ಇವತ್ತ ಏನ ಕೇಳಿದಿ?" ನಾನು ಹೇಳಬೇಕು, ಅವರು ಕಣ್ಣು ಮುಚ್ಚಿಕೊಂಡು ನೆನಪಿನಲ್ಲಿ ಅದನ್ನು ಹುಡುಕಬೇಕು, ಸಿಕ್ಕಾಗ ತಲೆಯಾಡಿಸಬೇಕು. ಅವರ ಹಾಡು ಇನ್ನು ಅವರಿಗೆ ಸಿಗುವುದು ನನ್ನ ಬಾಯಿಯಿಂದ ಮಾತ್ರ ಎಂದು ತಿಳಿದ ಮೇಲೆ ನನಗೆ ಹೆದರಿಕೆ ಹತ್ತಿತು. ಸುಳ್ಳು ಹೇಳುವಂತಿಲ್ಲ, ಹಾರಿಸುವಂತಿಲ್ಲ. ಕೋರ್ಟಿನಲ್ಲಿ ಯಾವ ಹೇಳಿಕೆಯನ್ನೂ ಅಷ್ಟು ಮೈಯೆಲ್ಲ ಕಿವಿಯಾಗಿ ಕೇಳಿಲ್ಲ ನಾನು.

ಶಬ್ದದ ತಕರಾರು ಬಗೆಹರಿದದ್ದು ತಾನಾಗಿಯೇ. ನಮ್ಮ ಶೀಘ್ರಲಿಪಿಯಲ್ಲಿ ವ್ಯಂಜನಗಳನ್ನು ಬರೆದುಕೊಂಡು ಸ್ವರಗಳನ್ನು ಬಿಟ್ಟುಬಿಡುತ್ತೇವೆ. ಅಷ್ಟಿದ್ದರೆ ಮಾತು ತಿಳಿಯುತ್ತದೆ. ಈ ಹುಡುಗಿ ವ್ಯಂಜನಗಳನ್ನೆಲ್ಲ ನುಂಗಿ ಬರೀ ಸ್ವರಗಳನ್ನು ಹಾಡುತ್ತಿದ್ದಳು. ನಾನು ಇಷ್ಟು ವರ್ಷ ಬಿಟ್ಟುಬಿಟ್ಟದ್ದನ್ನೇ ಆಕೆ ಹಾಡುತ್ತಿದ್ದಾಳೆ ಎಂದು ಹೊಳೆದಾಗ ಹೆಬ್ಬೆರಳು ತೆಪ್ಪಗಾಯಿತು. ಸಾಕ್ಷಿ ಅತ್ತದ್ದನ್ನು, ತಡವರಿಸಿದ್ದನ್ನು, ಎಳೆದು ನಿಲ್ಲಿಸಿದ್ದನ್ನು ನಾನು ಯಾವತ್ತೂ ಬರೆದುಕೊಂಡಿಲ್ಲ. ಅವಕ್ಕೆ ನಮ್ಮಲ್ಲಿ ಗುರುತೇ ಇಲ್ಲ.

ಮೆಣಸಿನಕಾಯಿ ಮುಗಿಯಿತು, ರಜೆಯೂ ಮುಗಿಯಿತು, ಹಾಡು ಮುಗಿಯಲಿಲ್ಲ. ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಹಚ್ಚಿಕೊಂಡು ಕೂರತೊಡಗಿದೆ. ಮೋಟೆಬೆನ್ನೂರು ದಾಟುವ ಹೊತ್ತಿಗೆ ಆ ಮೆಟ್ಟಿಲು ತಪ್ಪುವ ಜಾಗ ಬರುತ್ತಿತ್ತು. ಒಂದು ದಿನ ಬ್ಯಾಟರಿ ಇಲ್ಲದೆ ಹಾಡು ನಿಂತುಹೋದಾಗ ಇಡೀ ದಿನ ಸಿಟ್ಟು ಸಿಟ್ಟು. ನನಗೆ ಅದು ಸೇರುತ್ತಿದೆ ಎಂದು ಆ ದಿನ ತಿಳಿಯಿತು. ಸೇರಿದ್ದಕ್ಕೆ ಸಂತೋಷಪಡಬೇಕಿತ್ತು. ಮನೆಗೆ ಬಂದು ಅವರ ಎದುರು ಕೂತರೆ ಸಂಕಟವಾಯಿತು. ಒಬ್ಬರ ತಟ್ಟೆ ಖಾಲಿಯಾದ ಮೇಲೆ ಇನ್ನೊಬ್ಬರಿಗೆ ಹಸಿವಾದಂತೆ ಆಗಿತ್ತು ನಮ್ಮ ಸಂಸಾರ.

ಈ ವರ್ಷದ ರಜೆಯ ಮಾತು. ಮತ್ತೆ ಪಡಸಾಲೆ, ಮತ್ತೆ ಗೋಣಿತಟ್ಟು, ಎದುರಿಗೆ ಅವರು. ಆ ಕ್ಯಾಸೆಟ್ಟಿನ ಕೊನೆಯ ಹಾಡು ನಡೆದಿತ್ತು, ಅವರಿಗೆ ಎಲ್ಲಕ್ಕಿಂತ ಪ್ರೀತಿಯಾದದ್ದು. ಹುಡುಗಿ ಹಾಡುತ್ತಿದ್ದಳು. ನನ್ನ ಕೈ ತೊಟ್ಟಿನ ಮೇಲೆ ನಿಂತಿತು. ಆಕೆಯ ಸ್ವರದ ಜೊತೆಗೆ ಇನ್ನೊಂದು ಸ್ವರ ಇತ್ತು.

ಕೋರ್ಟಿನಲ್ಲಿ ವಕೀಲರೂ ಸಾಕ್ಷಿಯೂ ಒಟ್ಟಿಗೆ ಬಾಯಿ ಹಾಕುವುದು ದಿನದ ಮಾತು. ಯಾರು ಏನೆಂದರು ಎಂದು ಸಾಹೇಬರು ಕೇಳಿದರೆ ಎರಡನ್ನೂ ಬೇರೆ ಮಾಡಿ ಹೇಳಬೇಕು. ಆ ಅಭ್ಯಾಸ ನನ್ನ ಕಿವಿಗಿದೆ. ಆದರೂ ನಂಬಲಿಲ್ಲ. ಹಿಂದಕ್ಕೆ ಸರಿಸಿ ಕೇಳೋಣವೆಂದರೆ ಕೈ ಖಾರ. ಎಲ್ಲ ಹಾಡುಗಳೂ ಮೊದಲಿನಿಂದ ಆಗಿ ಮತ್ತೆ ಅದು ಬರುವವರೆಗೆ ಕಾದೆ. ಬಂತು. ಇತ್ತು.

ಕೈ ತೊಳೆದು ಬಂದು, ಅವರಿಗೆ ಯಂತ್ರ ಹಾಕಿಕೊಳ್ಳಲು ಸನ್ನೆ ಮಾಡಿದೆ. ಅವರೂ ಕೈ ತೊಳೆದುಕೊಂಡು ಬಂದು ಹಾಕಿಕೊಂಡರು.

"ಆ ಕಡೀ ಹಾಡಿನಾಗ ಆಕಿ ಒಬ್ಬಾಕಿನ ಇಲ್ರೀ," ಅಂದೆ. "ಆಕಿ ಜೋಡಿ ಒಬ್ಬ ಗಂಡಸು ಹಾಡಾಕತ್ತಾನ. ಭಾಳ ಸಣ್ಣಗ. ಆಕಿ ಹಾಡಿದ್ದನ್ನ ಹಾಡ್ತಾನ."

"ಗಿಟಾರ್ ಇರಬೇಕದು. ಅಲ್ಲಿ ಗಿಟಾರ್ ಹಂಗ ಅಳತೈತಿ."

"ಗಿಟಾರ್ ಉಸರ ತಗೊಳ್ಳೂದಿಲ್ರೀ. ಇಂವಾ ತಗೊಳ್ತಾನ. ಆಕಿ ತಗೊಂಡ ಮ್ಯಾಲ, ಒಂದೀಟ ತಡದು."

ಅವರು ಕಣ್ಣು ಮುಚ್ಚಿ ನೆನಪಿನಲ್ಲಿ ಹುಡುಕಿದರು. ಈ ಸಲ ತಲೆಯಾಡಿಸಲಿಲ್ಲ.

"ಎಲ್ಲಿಂದ ಸುರು ಮಾಡ್ತಾನ ಅಂವಾ?"

"ಮೊದಲಿಂದನೂ ಅದಾನ್ರೀ."

"ಮೊದಲಿಂದನೂ?"

ಹಚ್ಚು ಎಂದರು. ಹಚ್ಚಿದೆ. ಸ್ಪೀಕರಿನ ಹತ್ತಿರ ಕಿವಿ ಒಯ್ದು ಕೂತರು. ಆ ತಗಡು ಎಳೆಯುವ ಸದ್ದು ಅವರ ತಲೆಯೊಳಗೆ ಎಷ್ಟು ನೋಯಿಸುತ್ತಿತ್ತೋ, ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಹಾಡು ಪೂರ್ತಿ ಮುಗಿಯುವ ತನಕ ಅಲುಗಲಿಲ್ಲ. "ಸಾಕ್ ಬಿಡ್ರೀ" ಅಂದೆ, ಕೈ ಎತ್ತಿ ತಡೆದರು. ಮುಗಿದ ಮೇಲೆ ಯಂತ್ರ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಅಂವಾ ಕಿವಿಗೆ ಹತ್ತಲಿಲ್ಲ ನನಗ," ಅಂದರು. "ಕಿವಿ ಛಲೋ ಇದ್ದಾಗೂ ಹತ್ತಲಿಲ್ಲ ನೋಡು. ಇಷ್ಟ ವರ್ಷ ಕೇಳೇನಿ. ನೀ ಆವಾಗ ಬಾಜೂಕ ಕುಂತಿದ್ದಿ ಅಂದ್ರ..."

ಬೈಯುವ ಸ್ವಭಾವ ಅವರದಲ್ಲ, ಬೈದಿದ್ದರೆ ಚಲೋ ಇತ್ತು. ನಾನು ಆವಾಗ ಪಕ್ಕದಲ್ಲಿ ಕೂತಿದ್ದರೆ, ಇದು ನನಗೆ ಆವಾಗಲೇ ಸಿಗುತ್ತಿತ್ತು. ಇಗೋ ಕೇಳ್ರೀ ಇಲ್ಲಿ ಎಂದು ತೋರಿಸುತ್ತಿದ್ದೆ, ಅವರಿಗೂ ಕೇಳಿಸುತ್ತಿತ್ತು. ಹಾಸ್ಟೆಲಿನ ಖೋಲಿಯಲ್ಲಿ ಒಬ್ಬನೇ ಕೂತ ಆ ಹುಡುಗನಿಗೆ, ಅವಳು ಒಬ್ಬಳೇ ಅಲ್ಲ ಎಂದು ಒಮ್ಮೆಯಾದರೂ ತಿಳಿಯುತ್ತಿತ್ತು. ಈಗ ತಿಳಿದದ್ದು ನನ್ನ ಮಾತಿನಿಂದ. ಮಾತಿನಿಂದ ತಿಳಿಯುವುದಕ್ಕೂ ಕಿವಿಯಿಂದ ತಿಳಿಯುವುದಕ್ಕೂ ಇರುವ ಅಂತರ ನನಗೆ ಗೊತ್ತು. ಹೇಳದೇ ಇರಬೇಕಿತ್ತೇ ಎಂದು ಆ ರಾತ್ರಿ ಊಟ ಬಡಿಸುವಾಗ ಅನ್ನಿಸಿತು, ಆಮೇಲೂ ಅನ್ನಿಸುತ್ತಲೇ ಇದೆ.

ಮರುದಿನ ಸಂಜೆ ಚಹಾ ಕೊಟ್ಟೆ. ಇವತ್ತು ಏನು ಕೇಳಿದೆ ಎಂದು ಅವರು ಕೇಳಲಿಲ್ಲ. ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟರು. ಇನ್ನು ಇವರು ಕೇಳುವುದೇ ಇಲ್ಲ ಎಂದುಕೊಂಡು ನಾನು ಏಳುವುದರಲ್ಲಿದ್ದೆ.

"ಅಂವಾ ಇವತ್ತೂ ಬಂದಿದ್ನೇನು?" ಅಂದರು.

"ಬಂದಿದ್ನ್ರೀ."

"ಆಕಿ ಜೋಡಿನ?"

"ಆಕಿ ಜೋಡಿನ್ರೀ. ಕಡೀ ತನಕಾ."